ಆರನೆಯ ಬೋಲ್ಟು

ಚನ್ನಯ್ಯ ಜಡ್ಜ್ ಆಗಿದ್ದಾನೆಂಬ ಸುದ್ದಿ ಸುರಪುರದ ಅವನ ಓಣಿಗೆಲ್ಲ ಹರಡಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಫೋನು ಬಂದದ್ದು ಅವನಿಗೆ. ಆದರೆ ಅವನು "ಹಾಂ ಹಾಂ, ಬರ್ತೀನಿ" ಎಂದು ಫೋನು ಇಡುವುದರೊಳಗೆ ಹೆಂಡತಿ ದೇವಕಮ್ಮ ಎದುರು ಮನೆ, ಬಾಜು ಮನೆ, ಹಿಟ್ಟಿನ ಗಿರಣಿ ಮೂರೂ ಕಡೆ ವರದಿ ಒಪ್ಪಿಸಿ ಬಂದಿದ್ದಳು.

"ಯಾದಗಿರಿಯಾಗ ದೊಡ್ಡ ಸಮ್ಮೇಳನ ಅದ. ನಮ್ಮನಿಯವ್ರನ್ನ ಜಡ್ಜ್ ಮಾಡ್ಯಾರ. ಹೈದರಾಬಾದದವ್ರ ಬಾಜೂಕ ಕೂಡೋರು!"

ಚನ್ನಯ್ಯ ತಡೆಯಲಿಲ್ಲ. ತಡೆಯುವ ಮನಸ್ಸೂ ಇರಲಿಲ್ಲ. ಮೂವತ್ನಾಲ್ಕು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ, ಗಾಡಿಗಳ ಕೆಳಗೆ ಅಂಗಾತ ಮಲಗಿ ಆಯುಷ್ಯ ಕಳೆದವನು ಅವನು. ಆಗೆಲ್ಲ ಅವನು ಸ್ಪ್ಯಾನರಿನಿಂದ ಎರಡು ಸಲ ಬಡಿದು "ಹೂಂ, ತಗೊಂಡು ಹೋಗು" ಎನ್ನದೆ ಯಾವ ಡ್ರೈವರನೂ ಗಾಡಿ ಹೊರಗೆ ತೆಗೆಯುತ್ತಿರಲಿಲ್ಲ. ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಈ ನಾಲ್ಕು ವರ್ಷದಲ್ಲಿ ಒಂದು ನರಪಿಳ್ಳೆಯೂ ಅವನ ಅಭಿಪ್ರಾಯ ಕೇಳಿರಲಿಲ್ಲ. ಈಗ ಅವನ ಮಾತು ಕೇಳುವುದು ಮನೆಯ ಟೇಬಲ್ ಫ್ಯಾನು ಮಾತ್ರ, ಅದೂ ನೆತ್ತಿಯ ಮೇಲೊಂದು ಪೆಟ್ಟು ಕೊಟ್ಟರೆ.

ಫೋನು ಮಾಡಿದವನು ಯಾದಗಿರಿಯ ಮನ್ಸೂರಅಲಿ. ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ಅವನದು. ಅದು ಹೊಟ್ಟೆಪಾಡು, ಹುಚ್ಚು ಬೇರೆಯೇ ಇತ್ತು. ವಿಮಾನ, ಹಡಗು, ಲಾರಿ, ಗುಡಿ, ಯಾವುದನ್ನೇ ಆಗಲಿ ಅಳತೆ ಹಿಡಿದು, ಇಪ್ಪತ್ನಾಲ್ಕು ಅಂಗುಲಕ್ಕೆ ಒಂದು ಅಂಗುಲವೋ, ನೂರಕ್ಕೆ ಒಂದೋ, ಹಿಡಿದ ಲೆಕ್ಕ ತಪ್ಪದೆ ಚಿಕ್ಕದಾಗಿ ಮಾಡುವವರನ್ನೆಲ್ಲ ವರ್ಷಕ್ಕೊಮ್ಮೆ ಒಂದು ಕಲ್ಯಾಣಮಂಟಪದಲ್ಲಿ ಕೂಡಿಸುತ್ತಿದ್ದ. 'ಕಿರುಮಾದರಿ ಸಮ್ಮೇಳನ' ಎಂದು ಬ್ಯಾನರ್ ಕಟ್ಟಿಸುತ್ತಿದ್ದ. "ಚನ್ನಯ್ಯ ಮಾಮಾ, ಈ ವರ್ಷ ಗಾಡಿಗೋಳು ಭಾಳ ಬಂದಾವ. ಗಾಡಿ ಗೊತ್ತಿದ್ದವ್ರು ಒಬ್ರು ಬೇಕು. ನೀವ ಜಡ್ಜ್" ಎಂದಿದ್ದ.

ಭಾನುವಾರ ಮುಂಜಾನೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಚನ್ನಯ್ಯ ಯಾದಗಿರಿಗೆ ಬಂದಿಳಿದ. ಕೈಚೀಲದಲ್ಲಿ ಒಂದು ಟಾರ್ಚು ಮತ್ತು ಅವನ ಹಳೆಯ ಕನ್ನಡಿ. ದಾಡಿ ಮಾಡಿಕೊಳ್ಳುವ ದುಂಡು ಕನ್ನಡಿಗೆ ಉದ್ದನೆಯ ಕಬ್ಬಿಣದ ಸರಳು ಕೂಡಿಸಿ ಅವನೇ ಮಾಡಿಕೊಂಡದ್ದು ಅದು. ಕೈ ಹೋಗದ, ತಲೆ ತೂರದ ಜಾಗಕ್ಕೆ ಸರಳು ತೂರಿಸಿ ನೋಡಲು. ಡಿಪೋ ಬಿಡುವಾಗ ಎಲ್ಲವನ್ನೂ ಬಿಟ್ಟುಬಂದಿದ್ದ, ಅದೊಂದನ್ನು ಬಿಟ್ಟಿರಲಿಲ್ಲ.

ಮಂಟಪದ ಬಾಗಿಲಲ್ಲೇ ಮನ್ಸೂರಅಲಿ ತಬ್ಬಿಕೊಂಡು, ಅಂಗಿಗೆ ಬ್ಯಾಡ್ಜು ಚುಚ್ಚಿ, ಕೈಗೊಂದು ಗುಲಾಬಿ ಬಣ್ಣದ ಹಾಳೆ ಕೊಟ್ಟ. ಚನ್ನಯ್ಯ ಕನ್ನಡಕ ಏರಿಸಿ ಬ್ಯಾಡ್ಜು ಓದಿದ. 'ಗೌರವ ಅತಿಥಿ' ಎಂದಿತ್ತು. ಅಲ್ಲೇ ನಿಂತಿದ್ದ ಇನ್ನಿಬ್ಬರ ಎದೆಯ ಮೇಲೆ 'ತೀರ್ಪುಗಾರರು' ಎಂದಿತ್ತು. ಅವರ ಕೈಯಲ್ಲಿದ್ದ ಹಾಳೆಗಳು ಬಿಳಿ.

"ಮನ್ಸೂರ, ನಂದ್ಯಾಕ ಬ್ಯಾರೆ ಅದ?"

ಮನ್ಸೂರಅಲಿ ಕಿವಿ ಕೆರೆದುಕೊಂಡ. "ಅದು ಏನಂದ್ರ ಮಾಮಾ... ಹೊಸಬರ ಅಂಕ ಕೂಡಿಸಾಕ ಬರಂಗಿಲ್ಲ ಅಂದ್ರು ದೊಡ್ಡ ಜಡ್ಜ್ ಸಾಹೇಬ್ರು. ನೀವು ಬರೀರಿ, ಬರಿಬ್ಯಾಡ್ರಿ ಅಂತ ಯಾರೂ ಅನ್ನಂಗಿಲ್ಲ. ಆಮ್ಯಾಲ ಶಾಲು ಹಾಕ್ತೀವಿ. ಬಹುಮಾನ ನಿಮ್ಮ ಕೈಲೇ ಕೊಡಸ್ತೀವಿ."

"ಅಂದ್ರ ನಾ ಬರದದ್ದು ಎಲ್ಲಿ ಹೋಗ್ತದ?"

"ಫೈಲಿನ್ಯಾಗ ಇರ್ತದ್ರಿ."

ಚನ್ನಯ್ಯನ ಮುಖ ಸಪ್ಪಗಾಯಿತು. ತಿರುಗಿ ಮುಂದಿನ ಬಸ್ಸಿಗೇ ಹೋಗಿಬಿಡಬಹುದಿತ್ತು. ಆದರೆ ಹೋಗಿ ಓಣಿಯಲ್ಲಿ ಏನು ಹೇಳುವುದು? ಹಿಟ್ಟಿನ ಗಿರಣಿಯವನಿಗೆ ಏನು ಹೇಳುವುದು? ಅಷ್ಟರಲ್ಲಿ ಹಿಂದಿನಿಂದ, "ಲೇ ಜಡ್ಜ್ ಸಾಹೇಬಾ, ಇತ್ಲಾಗ ನೋಡು!" ಎಂಬ ಕೂಗು. ಡಿಪೋದಲ್ಲಿ ಅವನ ಜೊತೆ ಸ್ಟೋರ್ ನೋಡಿಕೊಳ್ಳುತ್ತಿದ್ದ ಅಂಬ್ರಪ್ಪ, ಮೂರು ಜನ ಹಳೆಯ ಗೆಳೆಯರನ್ನು ಕಟ್ಟಿಕೊಂಡು, ಫೋನು ಎತ್ತಿ ಹಿಡಿದು ನಿಂತಿದ್ದ. ಡಿಪೋದವರ ವಾಟ್ಸಾಪ್ ಗುಂಪಿಗೆ ಫೋಟೊ ಹೋಗಬೇಕಿತ್ತು. ಚನ್ನಯ್ಯ ನಕ್ಕ, ನಗುತ್ತಲೇ ಒಂದು ಕೈಯಿಂದ ಬ್ಯಾಡ್ಜು ಮುಚ್ಚಿಕೊಂಡ.

ಮುಖ್ಯ ತೀರ್ಪುಗಾರರು ಸಂಗಮನಾಥ. ಹುಟ್ಟಿದ್ದು ಇದೇ ಶಹಾಪುರ ತಾಲೂಕಿನ ಶಿರವಾಳದಲ್ಲಿ. ನಲವತ್ತು ವರ್ಷದಿಂದ ಹೈದರಾಬಾದಿನಲ್ಲಿ. ಹಾಕಿದ ಬಿಳಿ ಅಂಗಿಯಲ್ಲಿ ಒಂದು ಸುಕ್ಕಿಲ್ಲ, ಆಡಿದ ಮಾತಿನಲ್ಲಿ ಒಂದು ಉಸಿರು ಹೆಚ್ಚಿಲ್ಲ. ಹುಟ್ಟೂರಿನ ಕನ್ನಡವನ್ನು ಎಲ್ಲೋ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ ಬಂದವರಂತೆ ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಇನ್ನೊಬ್ಬ ತೌಹೀದ, ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಹೇಳುವವನು. ಕಡಿಮೆ ಮಾತಿನ ಮನುಷ್ಯ.

"ನಿಯಮ ಸರಳ, ಚನ್ನಯ್ಯನವರೇ" ಎಂದರು ಸಂಗಮನಾಥ. "ಪ್ರತಿ ಮಾದರಿಗೂ ನೂರು ಅಂಕ ಇರುತ್ತದೆ. ತಪ್ಪು ಕಂಡಲ್ಲಿ ಕಳೆಯುತ್ತಾ ಹೋಗುವುದು. ಮುಟ್ಟುವಂತಿಲ್ಲ. ಮಾಡಿದವರ ಹೆಸರು ಲಕೋಟೆಯೊಳಗೆ ಮುಚ್ಚಿರುತ್ತದೆ, ಸಂಜೆಯವರೆಗೆ ನಮಗೂ ಗೊತ್ತಾಗುವುದಿಲ್ಲ. ಮಾಡಿದವರು ತೀರ್ಪುಗಾರರ ಜೊತೆ ತಮ್ಮ ಮಾದರಿಯ ಬಗ್ಗೆ ಮಾತಾಡಿದರೆ ಅದು ಸ್ಪರ್ಧೆಯಿಂದ ಹೊರಗೆ. ನೀವು ನಮ್ಮ ಹಿಂದೆ ಬನ್ನಿ. ನೋಡುತ್ತಾ ಇರಿ."

ಹಿಂದೆ ಬನ್ನಿ ಎಂದದ್ದು ಚನ್ನಯ್ಯನಿಗೆ ನಾಟಿತು. ಆದರೂ ಹಿಂದೆಯೇ ಹೋದ.

ಊಟದ ಮೇಜುಗಳಿಗೆ ಬಿಳಿ ಬಟ್ಟೆ ಹಾಸಿ, ಅರವತ್ತು ಮಾದರಿಗಳನ್ನು ಸಾಲಾಗಿ ಇಟ್ಟಿದ್ದರು. ಅಂಗೈಯಗಲದ ಯುದ್ಧ ಟ್ಯಾಂಕುಗಳು, ಬಾಟಲಿಯೊಳಗಿನ ಹಡಗು, ಶಿರವಾಳದ ಹಳೆಯ ಗುಡಿಯೊಂದರ ಮಾದರಿ. ಆ ಗುಡಿಯ ಮುಂದೆ ಸಂಗಮನಾಥರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತರು, ಆದರೆ ಕಂಬವೊಂದು ಕೂದಲೆಳೆಯಷ್ಟು ಸೊಟ್ಟಗಿದೆಯೆಂದು ನಾಲ್ಕು ಅಂಕ ಕಳೆದೇ ಮುಂದೆ ಹೋದರು. ಚನ್ನಯ್ಯನಿಗೆ ಮನಸ್ಸಿನಲ್ಲೇ ಮೆಚ್ಚಿಗೆಯಾಯಿತು. ಮನುಷ್ಯ ಬಿಗಿ, ಆದರೆ ಮೋಸಗಾರನಲ್ಲ. ಇಪ್ಪತ್ತೆರಡನೆಯದೊಂದು ಯುದ್ಧ ವಿಮಾನ, ಕನ್ನಡಿಯಂತೆ ಹೊಳೆಯುತ್ತಿತ್ತು. ಎಲ್ಲಿ ಹುಡುಕಿದರೂ ತಪ್ಪಿಲ್ಲ. "ಇದೇ ಶ್ರೇಷ್ಠ ಮಾದರಿಯಾಗುತ್ತದೆ ಎನಿಸುತ್ತದೆ" ಎಂದರು ಸಂಗಮನಾಥ. ತೌಹೀದ ತಲೆಯಾಡಿಸಿದ. ಚನ್ನಯ್ಯ ತನ್ನ ಗುಲಾಬಿ ಹಾಳೆಯಲ್ಲಿ ತೊಂಬತ್ತಾರು ಎಂದು ಬರೆದ, ಯಾರೂ ಓದದ ಅಕ್ಷರ ಎಂದುಕೊಳ್ಳುತ್ತಲೇ.

ನಲವತ್ತೊಂದನೆಯ ಮಾದರಿಯ ಮುಂದೆ ಬಂದಾಗ ಅವನ ಕಾಲು ತಾನಾಗಿ ನಿಂತಿತು.

ಮೊಳದುದ್ದದ ಕೆಂಪು ಬಸ್ಸು, ಇಪ್ಪತ್ನಾಲ್ಕಕ್ಕೆ ಒಂದರ ಅಳತೆ. ಎಣ್ಣೆ ಡಬ್ಬಿಯ ತಗಡಿನ ಮೈ, ಹವಾಯಿ ಚಪ್ಪಲಿಯ ರಬ್ಬರಿನ ಗಾಲಿ. ಮುಂದೆ 'ಯಾದಗಿರಿ - ಶಹಾಪುರ - ಸುರಪುರ - ಕೆಂಭಾವಿ' ಎಂಬ ಬೋರ್ಡು. ಕೆಳಗಿನ ಅಂಚಿಗೆಲ್ಲ ಕರಿಮಣ್ಣಿನ ಧೂಳಿನ ಬಣ್ಣ. ಒಳಗೆ ಹರಿದು ಹೊಲಿಸಿದ ಸೀಟು, ಆ ಸೀಟಿನ ಮೇಲೆ ಜಾಗ ಹಿಡಿಯಲು ಯಾರೋ ಕಿಟಕಿಯಿಂದ ಎಸೆದ ಟವೆಲ್ಲು, ಉಗುರಿನಷ್ಟೇ. ನಂಬರಿನ ಕೊನೆಯ ಮೂರಂಕಿ ಎಂಟ್ನೂರಾ ಹನ್ನೆರಡು. ಡಿಪೋದಲ್ಲಿ ಆ ಗಾಡಿಯನ್ನು ಹಾಗೆಂದೇ ಕರೆಯುತ್ತಿದ್ದರು. ಚನ್ನಯ್ಯ ಎಷ್ಟೋ ಸಲ ಅದರ ಕೆಳಗೆ ಮಲಗಿದ್ದ.

ಸಂಗಮನಾಥರು ಮಾತ್ರ ಅಳತೆ ಪಟ್ಟಿ ಹಿಡಿದು ಬಗ್ಗಿದ್ದರು. "ಛೆ. ಎಡಗಡೆ ಎರಡೂವರೆ ಮಿಲಿಮೀಟರ್ ಕೆಳಗಿದೆ. ಇಷ್ಟು ಚೆನ್ನಾಗಿ ಮಾಡಿ, ಗಾಲಿ ಕೂಡಿಸುವಾಗ ಎಡವಿದ್ದಾರೆ, ಪಾಪ. ಹದಿನೈದು ಅಂಕ ಹೋಯಿತು." ತಮ್ಮ ಪುಟ್ಟ ಕನ್ನಡಿಯನ್ನು ಬಸ್ಸಿನ ಕೆಳಗೆ ಹಿಡಿದರು. "ಇಲ್ಲಿ ನೋಡಿ, ತೌಹೀದ. ಹತ್ತುವ ಮೆಟ್ಟಿಲ ಕೆಳಗೊಂದು ತೇಪೆ ತಗಡು. ಆರು ತೂತು, ಐದೇ ಬೋಲ್ಟು. ಒಂದನ್ನು ಮರೆತಿದ್ದಾರೆ. ಇನ್ನೈದು."

ಚನ್ನಯ್ಯ ಚೀಲದಿಂದ ತನ್ನ ದುಂಡು ಕನ್ನಡಿ ತೆಗೆದ. ಸರಳನ್ನು ಮೆಲ್ಲಗೆ ಬಸ್ಸಿನ ಕೆಳಗೆ ತೂರಿಸಿ ಟಾರ್ಚು ಬಿಟ್ಟ. ಕನ್ನಡಿಯಲ್ಲಿ ತೇಪೆ ಕಾಣಿಸಿತು. ಮೂಲೆಯೊಂದು ಸ್ವಲ್ಪ ಮಡಚಿದ, ಆರು ತೂತಿನ, ಐದು ಬೋಲ್ಟಿನ ತೇಪೆ.

ಆ ತೇಪೆ ಹಾಕಿದವನು ಅವನೇ. ನಾಲ್ಕು ವರ್ಷದ ಹಿಂದೆ, ಬೇಸಿಗೆಯ ಸಂತೆಯ ದಿನ, ಕೆಂಭಾವಿ ಹಾದಿಯಲ್ಲಿ ಮೆಟ್ಟಿಲು ಮುರಿದು ಬಸ್ಸು ನಿಂತಿತ್ತು. ಡಿಪೋದಿಂದ ಚೀಲ ಹೆಗಲಿಗೆ ಹಾಕಿಕೊಂಡು ಹೋದ ಚನ್ನಯ್ಯ ಅಲ್ಲೇ ರಸ್ತೆಬದಿಯಲ್ಲಿ ಮಲಗಿ ತಗಡು ಕೂಡಿಸಿದ್ದ. ಐದು ಬೋಲ್ಟು ಬಿಗಿದಿದ್ದ. ಆರನೆಯದು ಎಣ್ಣೆಗೈಯಿಂದ ಜಾರಿ, ಬಿಸಿಲಿಗೆ ಬಾಯಿ ಬಿಟ್ಟಿದ್ದ ಕರಿನೆಲದ ಬಿರುಕಿನೊಳಗೆ ಬಿದ್ದುಹೋಯಿತು. ಮಂದಿ ಮೇಲಿಂದ ಒದರುತ್ತಿದ್ದರು. ಐದು ಸಾಕು, ಇನ್ನೊಂದನ್ನು ನಾಳೆ ಹಾಕಿದರಾಯಿತು ಎಂದು ಎದ್ದು ಬಂದಿದ್ದ. ಆ ನಾಳೆ ಬರಲೇ ಇಲ್ಲ. ಹದಿನೈದು ದಿನಕ್ಕೆ ನಿವೃತ್ತಿಯ ಹಾರ ಬಂತು. ಭಾಷಣದಲ್ಲಿ ಡಿಪೋ ಸಾಹೇಬರು, "ಚನ್ನಯ್ಯ ಅರ್ಧ ಕೆಲಸ ಬಿಟ್ಟು ಎದ್ದವರಲ್ಲ" ಎಂದಾಗ ಅವನಿಗೆ ನೆನಪಾದದ್ದು ಆ ಬೋಲ್ಟೇ. ಇವತ್ತಿನವರೆಗೆ ದೇವಕಮ್ಮನಿಗೂ ಹೇಳಿರಲಿಲ್ಲ.

ಸಂಗಮನಾಥರು ನಲವತ್ತೆರಡರ ಕಡೆಗೆ ಕಾಲು ತೆಗೆದಾಗಿತ್ತು.

"ಸಾಹೇಬ್ರ" ಎಂದ ಚನ್ನಯ್ಯ. "ಈ ಬಸ್ಸು ಬರೋಬ್ಬರಿ ಅದ."

"ಏನಂದಿರಿ?"

"ವಾಲಿದ್ದು ತಪ್ಪಲ್ರಿ. ಎಂಟ್ನೂರಾ ಹನ್ನೆರಡು ಇರೋದ ಹಂಗ. ನಮ್ಮ ಕೆಂಭಾವಿ ಕಡೀ ಮಂದಿ ಹೆಂಗಂದ್ರ, ಇಳಿಯೋದು ಇನ್ನಾ ಒಂದು ತಾಸು ಇರೂದ್ರಾಗ ಸೀಟು ಬಿಟ್ಟೆದ್ದು ಬಾಗಲಕ್ಕ ಬಂದು ನಿಂದರ್ತಾರ. ಕೇಳಿದ್ರ, ನಮ್ಮೂರು ಬಂತಲ್ಲ ಅಂತಾರ. ಬಾಗಲ ಇರೋದು ಎಡಕ್ಕ. ಸಂತಿ ದಿನ ಚೀಲಾನೂ ಅಲ್ಲೇ, ಆಡಿನ ಮರೀನೂ ಅಲ್ಲೇ. ಹಿಂಗ ವರ್ಷಾನಗಟ್ಲೆ ನಿಂತು ನಿಂತು ಎಡಗಡಿ ಪಾಟಾ ಕುಂತು ಬಿಟ್ಟಾವ. ಬದಲ ಮಾಡಿದ್ರ ಆರು ತಿಂಗಳಿಗೆ ಮತ್ತ ಅಷ್ಟ."

ಪಾಟಾ ಎಂದರೆ ಗಾಡಿಯ ಭಾರ ಹೊರುವ ಉಕ್ಕಿನ ಸ್ಪ್ರಿಂಗ್ ಪಟ್ಟಿಗಳೆಂದು ತೌಹೀದ ಸಂಗಮನಾಥರಿಗೆ ಬಿಡಿಸಿ ಹೇಳಿದ.

ಸಂಗಮನಾಥರು ಸಿಟ್ಟಾಗಲಿಲ್ಲ, ನಗಲೂ ಇಲ್ಲ. "ಹೀಗೆ ಕೇಳುತ್ತಾ ಹೋದರೆ ಸೊಟ್ಟಗಿರುವ ಪ್ರತಿಯೊಂದಕ್ಕೂ ಒಂದು ಕಥೆ ಸಿಗುತ್ತದೆ, ಚನ್ನಯ್ಯನವರೇ. ವಾಲಿದ್ದಕ್ಕೆ ಕೆಂಭಾವಿಯವರು ಕಾರಣ ಎಂದೇ ಇಟ್ಟುಕೊಳ್ಳೋಣ. ಬೋಲ್ಟು ಇಲ್ಲದ್ದಕ್ಕೆ ಯಾರು ಕಾರಣ?"

ಚನ್ನಯ್ಯ ತಿರುಗಿ ನೋಡಿದ. ಮೇಜುಗಳ ಸುತ್ತ ಕಟ್ಟಿದ ಹಗ್ಗದ ಆಚೆ ಜನ ಕೂಡಿದ್ದರು. ಅಂಬ್ರಪ್ಪನ ಫೋನು ಇತ್ತ ಕಡೆಗೇ ತಿರುಗಿತ್ತು. ಇಲ್ಲಿ ಆಡಿದ್ದು ಐದು ನಿಮಿಷದಲ್ಲಿ ಡಿಪೋದ ಎಲ್ಲರ ಕಿವಿಗೆ ಬೀಳುತ್ತದೆ. 'ನನಗೆ ಗೊತ್ತಿಲ್ಲ' ಎಂದುಬಿಟ್ಟರೆ ಮೂವತ್ನಾಲ್ಕು ವರ್ಷದ ಹೆಸರು ಉಳಿಯುತ್ತದೆ, ಶಾಲೂ ಬರುತ್ತದೆ. ಹೇಗೂ ತನ್ನ ಅಂಕ ಯಾರೂ ಕೂಡಿಸುವುದಿಲ್ಲ. ಆದರೆ ಯಾರೋ ಒಬ್ಬರು ಆ ಬಸ್ಸಿನ ಕೆಳಗೆ ಮಲಗಿ, ತಾನು ನೋಡಿದಷ್ಟೇ ಆಸ್ಥೆಯಿಂದ ನೋಡಿ, ಇದ್ದದ್ದನ್ನು ಇದ್ದ ಹಾಗೆ ಮಾಡಿಟ್ಟಿದ್ದಾರೆ. ಅವರು ತನ್ನ ತಪ್ಪಿಗೆ ಅಂಕ ಕಳೆದುಕೊಳ್ಳುವುದೆಂದರೇನು? ಅವನಿಗೆ ತನ್ನ ಮೇಲೇ ರೇಗಿಹೋಯಿತು.

"ಬೋಲ್ಟಿಗೆ ನಾನ ಕಾರಣ ರೀ" ಎಂದ, ಎಲ್ಲರಿಗೂ ಕೇಳುವಂತೆ. "ಆ ತೇಪೆ ಹಾಕಿದಾಂವ ನಾನು. ಆರನೇದು ಕೈಜಾರಿ ಬಿತ್ತು. ನಾಳಿ ಹಾಕ್ತೀನಿ ಅಂದೆ, ಹಾಕಲಿಲ್ಲ. ತಪ್ಪು ಬಸ್ಸು ಮಾಡಿದವ್ರದಲ್ಲ, ನಂದು. ಅಂಕ ಕಡಿಯೋದಿದ್ರ ನನ್ನವು ಕಡೀರಿ."

ಅಂಬ್ರಪ್ಪನ ಫೋನು ಮೆಲ್ಲಗೆ ಕೆಳಗಿಳಿಯಿತು.

"ಬಾಯಿಮಾತು ಸಾಲಂಗಿಲ್ಲ ಅಂತೀರಿ, ಖರೆ ಅದ" ಎಂದು ಚನ್ನಯ್ಯ ಗಡಿಯಾರ ನೋಡಿದ. "ಹನ್ನೊಂದೂಕಾಲಕ್ಕ ಆ ಬಸ್ಸು ಸ್ಟ್ಯಾಂಡಿಗೆ ಬರ್ತದ. ಇಲ್ಲಿಂದ ಐದು ಮಿನಿಟಿನ ಹಾದಿ. ನೀವ ನೋಡ್ರಿ."

ಸಂಗಮನಾಥರು ಒಂದು ಗಳಿಗೆ ಅವನ ಮುಖ ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟರು. "ನಾನು ನೋಡದೆ ಒಪ್ಪುವವನಲ್ಲ. ನಡೆಯಿರಿ."

ಮುಂದೆ ಮೂವರು, ಹಿಂದೆ ಮನ್ಸೂರಅಲಿ, ಅವನ ಹಿಂದೆ ಅರ್ಧ ಸಮ್ಮೇಳನ. ಹೋಗುವಾಗ ಚನ್ನಯ್ಯನಿಗೆ ಹೊಸದೊಂದು ಭಯ ಹಿಡಿಯಿತು. ನಾಲ್ಕು ವರ್ಷವಾಗಿದೆ. ಯಾರಾದರೂ ಪುಣ್ಯಾತ್ಮ ಆ ಬೋಲ್ಟು ಹಾಕಿಬಿಟ್ಟಿದ್ದರೆ? ಪಾಟಾ ಹೋದ ವಾರವಷ್ಟೇ ಬದಲಾಯಿಸಿದ್ದರೆ? ಮಾನವೂ ಹೋಯಿತು, ಬಸ್ಸೂ ಹೋಯಿತು. ತಾನು ಇಷ್ಟು ದಿನ ಶಪಿಸಿಕೊಂಡ ಆ ಖಾಲಿ ತೂತು ಇವತ್ತೊಂದು ದಿನ ಖಾಲಿಯೇ ಇರಲಿ ಎಂದು ಅವನು ದೇವರಲ್ಲಿ ಬೇಡಿಕೊಂಡ.

ಎಂಟ್ನೂರಾ ಹನ್ನೆರಡು ಹತ್ತು ನಿಮಿಷ ತಡವಾಗಿ ಬಂತು. ಡ್ರೈವರ್ ಯಂಕಣ್ಣ ಕಿಟಕಿಯಿಂದಲೇ, "ಏ ಚನ್ನಣ್ಣ, ಏನಪಾ ಇಷ್ಟು ಮಂದಿ? ಯಾರರೆ ಮಂತ್ರಿ ಬರಾಕತ್ತಾರೇನು?" ಎಂದ. ವಿಷಯ ಕೇಳಿ ಬಿದ್ದು ಬಿದ್ದು ನಕ್ಕ. ಆದರೆ ಗಾಡಿ ಖಾಲಿಯಾಗದೆ ಅಳೆಯುವಂತಿಲ್ಲ, ಹತ್ತಿ ಕೂತವರು ಇಳಿಯಲೊಲ್ಲರು. ಕೊನೆಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಸೀಟಿನ ಮೇಲೆ ಟವೆಲ್ಲು, ಕರ್ಚೀಫು, ಚೀಲ ಇಟ್ಟು, ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತಾ ಇಳಿದರು.

ತೌಹೀದ ಟೇಪು ಹಿಡಿದು ನೆಲದಿಂದ ಬಸ್ಸಿನ ಅಂಚಿನವರೆಗೆ ಎರಡೂ ಬದಿ ಅಳೆದ. "ಎಡಕ್ಕ ಏಳು ಸೆಂಟಿಮೀಟರ್ ಕೆಳಗ ಅದ."

ಜನ ಹೋ ಎಂದರು. ಸಂಗಮನಾಥರು ಕೈಯೆತ್ತಿದರು. "ನೆಲವೇ ಇಳಿಜಾರಿದ್ದರೆ?"

ಪ್ರಶ್ನೆ ಬರೋಬ್ಬರಿಯೇ ಇತ್ತು. ಡಿಪೋದಲ್ಲಿದ್ದಾಗ ಚನ್ನಯ್ಯನೂ ಅದನ್ನೇ ಕೇಳುತ್ತಿದ್ದ. "ಯಂಕಣ್ಣ, ಗಾಡಿ ತಿರುಗಿಸು. ಮಾರಿ ಅತ್ಲಾಗ ಮಾಡಿ ಇದ ಜಾಗಾದಾಗ ನಿಂದರಿಸು" ಎಂದ. ಅವನ ದನಿಯಲ್ಲಿ ಹಳೆಯ ಗತ್ತು ಮರಳಿತ್ತು; ಯಂಕಣ್ಣ ಎದುರು ಮಾತಾಡದೆ ಸ್ಟಿಯರಿಂಗ್ ಹಿಡಿದ. ಬಸ್ಸು ತಿರುಗಿ ನಿಂತಿತು. ತೌಹೀದ ಮತ್ತೆ ಅಳೆದ. ಈಗ ಎಡಬದಿ ಐದು ಸೆಂಟಿಮೀಟರ್ ಕೆಳಗೆ.

"ಏಳು, ಐದು. ನೆಲದ್ದು ಒಂದು ತೆಗದ್ರ ಗಾಡಿದು ಆರು" ಎಂದ ಚನ್ನಯ್ಯ.

ತೌಹೀದ ಫೋನು ತೆಗೆದು ಲೆಕ್ಕ ಹಾಕಿದ. ಆರು ಸೆಂಟಿಮೀಟರ್ ಎಂದರೆ ಅರವತ್ತು ಮಿಲಿಮೀಟರ್. ಅದನ್ನು ಇಪ್ಪತ್ನಾಲ್ಕರಿಂದ ಭಾಗಿಸಿದ. ಫೋನನ್ನು ಸಂಗಮನಾಥರ ಕಣ್ಣ ಮುಂದೆ ಹಿಡಿದ. "ಎರಡೂವರೆ, ಸರ್. ಬರೋಬ್ಬರಿ ಎರಡೂವರೆ."

ಸಂಗಮನಾಥರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. 'ಆ ಕನ್ನಡಿ ಕೊಡಿ' ಎಂಬಂತೆ ಚನ್ನಯ್ಯನತ್ತ ಕೈಚಾಚಿದರು. ಯಾರೋ ಗೋಣಿಚೀಲ ತಂದು ಹಾಸುವುದರೊಳಗೆ ಆ ಸುಕ್ಕಿಲ್ಲದ ಬಿಳಿ ಅಂಗಿಯಲ್ಲೇ ನೆಲಕ್ಕೆ ಮಲಗಿ, ಅಂಗಾತ ಬಸ್ಸಿನ ಕೆಳಗೆ ಸರಿದರು. ಹೊರಗೆ ಕಾಣುತ್ತಿದ್ದುದು ಅವರ ಎರಡು ಪಾಲಿಶ್ ಮಾಡಿದ ಬೂಟು ಮಾತ್ರ.

ಇಡೀ ಬಸ್‌ಸ್ಟ್ಯಾಂಡು ಉಸಿರು ಬಿಗಿಹಿಡಿಯಿತು. ಕಡಲೆಕಾಯಿ ಮಾರುವವಳೂ ಬುಟ್ಟಿ ಇಳಿಸಿ ನಿಂತಳು. ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಹೆಣ್ಣುಮಗಳು ಟಿಕೆಟ್ ಮಶೀನನ್ನು ಎದೆಗೊತ್ತಿ ಹಿಡಿದು ಕಲ್ಲಿನಂತೆ ನಿಂತಿದ್ದಳು.

"ಐದ ಅದಾವ!" ಎಂಬ ದನಿ ಕೆಳಗಿನಿಂದ ಬಂತು. "ಐದ ಅದಾವಲೇ ಯಪ್ಪಾ! ಮೂಲಿ ಸೈತ ಮಡಚ್ಯಾದ!"

ಶಿರವಾಳದ ಕನ್ನಡ ನಲವತ್ತು ವರ್ಷದ ಕೀಲಿ ಮುರಿದು ಹೊರಬಂದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಶಿಳ್ಳೆ, ಚಪ್ಪಾಳೆ. ಅಂಬ್ರಪ್ಪ ಚನ್ನಯ್ಯನ ಬೆನ್ನಿಗೆ ಗುದ್ದಿದ ಗುದ್ದಿಗೆ ಅವನ ಕನ್ನಡಕ ಮೂಗಿನ ತುದಿಗೆ ಬಂತು. ಚನ್ನಯ್ಯನ ಕಣ್ಣು ತುಂಬಿದ್ದು ಆ ಗುದ್ದಿನಿಂದಲ್ಲ.

ಸಂಗಮನಾಥರು ಹಣೆಗೆ ಗ್ರೀಸು ಹಚ್ಚಿಕೊಂಡು ಎದ್ದು ಬಂದರು. ಜೇಬಿನ ಪೆನ್ನು ತೆಗೆದು, ಚನ್ನಯ್ಯನ ಬ್ಯಾಡ್ಜನ್ನು ಎಡಗೈಯಲ್ಲಿ ಹಿಡಿದು, 'ಗೌರವ ಅತಿಥಿ' ಎಂಬುದರ ಮೇಲೆ ಗೆರೆ ಎಳೆದು, ಕೆಳಗೆ 'ತೀರ್ಪುಗಾರರು' ಎಂದು ಬರೆದರು. ಅಕ್ಷರ ಗುಂಡಗಿದ್ದವು, ಒಂದು ಮೂಲೆಗೆ ಗ್ರೀಸಿನ ಹೆಬ್ಬೆಟ್ಟು ಬಿದ್ದಿತ್ತು. "ಮನ್ಸೂರಅಲಿ" ಎಂದರು, "ಇವರಿಗೆ ಬಿಳಿ ಹಾಳೆ ಕೊಡಿ. ಇವತ್ತು ಮೂವರ ಅಂಕ ಕೂಡುತ್ತದೆ. ಹೊಸಬ ಇಲ್ಲಿ ಇದ್ದರೆ ಅದು ನಾನು."

ಆಮೇಲೆ ಬಾಗಿಲಲ್ಲಿದ್ದ ಕಂಡಕ್ಟರ್ ಹೆಣ್ಣುಮಗಳ ಕಡೆ ತಿರುಗಿ, "ನಿಮ್ಮ ಈ ಬಸ್ಸಿನ ಕೆಳಗೆ ಮಲಗಿ ಅಳತೆ ತೆಗೆದವರು ಯಾರು, ನೋಡಿದ್ದೀರೇನಮ್ಮ?" ಎಂದು ಕೇಳಿದರು.

"ನನ್ನೇನ ಕೇಳಬ್ಯಾಡ್ರಿ ಸರ್. ಟೈಮ್ ಆಗ್ಯಾದ" ಎಂದಳು ಅವಳು, ಅವರ ಮುಖ ನೋಡದೆ. "ಹತ್ರಿ ಹತ್ರಿ, ಶಹಾಪುರ, ಸುರಪುರ, ಕೆಂಭಾವಿ!" ಎಂದು ಸೀಟಿ ಊದಿದಳು. ಯಂಕಣ್ಣ ಮೀಸೆಯೊಳಗೇ ನಗುತ್ತಾ ಗಾಡಿ ತೆಗೆದ.

ಸಂಜೆ ನಾಲ್ಕಕ್ಕೆ ಮಂಟಪ ತುಂಬಿ ತುಳುಕುತ್ತಿತ್ತು. ಮೂರು ಬಿಳಿ ಹಾಳೆ ಕೂಡಿಸಿದಾಗ ಹೊಳೆಯುವ ವಿಮಾನ ಎರಡನೆಯದಾಗಿತ್ತು. ಶ್ರೇಷ್ಠ ಮಾದರಿಯ ಹೆಸರು ಓದಲು ಸಂಗಮನಾಥರು ಲಕೋಟೆಯನ್ನು ಚನ್ನಯ್ಯನ ಕೈಗೇ ಕೊಟ್ಟರು. ಚನ್ನಯ್ಯ ಮೈಕಿನ ಮುಂದೆ ನಿಂತು ಅದನ್ನು ಹರಿದ.

"ನಲವತ್ತೊಂದು. ಗುರುದೇವಿ, ಬಸ್ ಕಂಡಕ್ಟರ್, ಕೆಂಭಾವಿ." ಕೆಳಗೆ ಇನ್ನೂ ಎರಡು ಸಾಲಿತ್ತು. ಓದುತ್ತಾ ಅವನಿಗೆ ನಗು ತಡೆಯಲಾಗಲಿಲ್ಲ. "'ನನಗೆ ಡ್ಯೂಟಿ ಇದೆ, ಬರಲು ಆಗುವುದಿಲ್ಲ. ಬಹುಮಾನ ಬಂದರೆ ಸಂಜೆ ಐದೂ ಮುಕ್ಕಾಲಿಗೆ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ.'"

ಹಾಗಾದರೆ ಬೆಳಿಗ್ಗೆ ಬಾಗಿಲಲ್ಲಿ ತುಟಿ ಕಚ್ಚಿಕೊಂಡು ನಿಂತವಳು ಅವಳೇ. ಒಂದು ಮಾತು ಆಡಿದ್ದರೆ ಮಾದರಿ ಸ್ಪರ್ಧೆಯಿಂದ ಹೊರಗೆ ಹೋಗುತ್ತಿತ್ತು, ಆಡಲಿಲ್ಲ. ಗಟ್ಟಿಗಿತ್ತಿ ಎಂದುಕೊಂಡ ಚನ್ನಯ್ಯ.

ಐದೂವರೆಗೆ ಸಮ್ಮೇಳನವೆಲ್ಲ ಮತ್ತೆ ಬಸ್‌ಸ್ಟ್ಯಾಂಡಿಗೆ ಹೊರಟಿತು. ಬಹುಮಾನದ ಕಪ್ಪನ್ನು ಮನ್ಸೂರಅಲಿ ಹಿಡಿದಿದ್ದ, ಬಸ್ಸಿನ ಮಾದರಿಯನ್ನು ಸ್ವತಃ ಸಂಗಮನಾಥರೇ ಎರಡೂ ಕೈಯಲ್ಲಿ ಹೊತ್ತಿದ್ದರು, ಯಾರಿಗೂ ಕೊಡಲೊಲ್ಲರು. ಚನ್ನಯ್ಯ ದಾರಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಗೆ ನುಗ್ಗಿ ಹೊರಬಂದ.

ಎಂಟ್ನೂರಾ ಹನ್ನೆರಡು ಬಂತು, ಎಡಕ್ಕೆ ವಾಲಿಕೊಂಡೇ. ಇಳಿಯುವವರೆಲ್ಲ ಇಳಿದ ಮೇಲೆ ಗುರುದೇವಿ ಮೆಟ್ಟಿಲಿಗೆ ಬಂದಳು. ಕಪ್ಪು ಕಂಡಳು, ಜನರನ್ನು ಕಂಡಳು, ಟಿಕೆಟ್ ಮಶೀನನ್ನು ಯಂಕಣ್ಣನ ಕೈಗೆ ತುರುಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ, ಎರಡೂ ಇತ್ತು. ಚನ್ನಯ್ಯ ಕಪ್ಪನ್ನು ಅವಳ ಕೈಗಿತ್ತ. ಬಸ್ಸು ಹತ್ತಿದವರು ನೋಡಲೆಂದು ಎಲ್ಲ ಎಡಗಡೆಯ ಕಿಟಕಿಗೇ ಮುಗಿಬಿದ್ದರು. ಗಾಡಿ ಇನ್ನೊಂದು ಬೆರಳು ಆ ಕಡೆಗೆ ವಾಲಿತು.

"ಮೂರು ವರ್ಷ ಆತ್ರಿ ಕಾಕಾ, ಕೆಂಭಾವಿಯಾಗ ಗಾಡಿ ನಿಂತಾಗೊಮ್ಮೆ ತೆಳಗ ಹೊಕ್ಕು ನೋಡಾಕತ್ತು" ಎಂದಳು ಕಣ್ಣೊರೆಸಿಕೊಂಡು. "ಆ ತೇಪೆ ಯಾರದಂತ ಯಂಕಣ್ಣ ಮಾವಾಗ ಕೇಳಿದ್ದೆ. ಇದ್ದದ್ದು ಇದ್ದಂಗ ಮಾಡಬೇಕಂತ ಐದ ಇಟ್ಟೆ. ಮುಂಜಾನಿ ನೀವು ಅಷ್ಟು ಮಂದ್ಯಾಗ ನಂದೇ ತಪ್ಪು ಅಂದ್ರಂತ ಸ್ಟ್ಯಾಂಡಿನ್ಯಾಗ ಮಂದಿ ಹೇಳಿದ್ದು ಕೇಳಿ ನನಗ ನಿಂದ್ರಾಕ ಆಗಲಿಲ್ರಿ."

ಚನ್ನಯ್ಯ ಯಂಕಣ್ಣನಿಂದ ಸ್ಪ್ಯಾನರು ಇಸಿದುಕೊಂಡು, ಇಸ್ತ್ರಿಯ ಅಂಗಿಯಲ್ಲೇ ಬಸ್ಸಿನ ಕೆಳಗೆ ಅಂಗಾತ ಸರಿದ. ನಾಲ್ಕು ವರ್ಷದ ನಂತರವೂ ಬೆನ್ನಿಗೆ ಆ ಜಾಗ ಗೊತ್ತಿತ್ತು. ಜೇಬಿನಿಂದ ಹೊಸ ಬೋಲ್ಟು ತೆಗೆದ.

ಗುರುದೇವಿ ಬಗ್ಗಿ ನೋಡಿ ಹೌಹಾರಿದಳು. "ಕಾಕಾ, ಬ್ಯಾಡ್ರಿ! ಅದನ್ನ ಹಾಕಿದ್ರ ನನ್ನ ಬಸ್ಸು ಸುಳ್ಳಾಗ್ತದ!"

ಕೆಳಗಿನಿಂದ ಸ್ಪ್ಯಾನರು ತಿರುಗುವ ಸದ್ದು ಬಂತು. ಆರನೆಯ ಬೋಲ್ಟು ಕೊನೆಯ ಸುತ್ತಿಗೆ ಕಿರ್ರೆಂದು ಬಿಗಿಯಾಯಿತು. ಚನ್ನಯ್ಯ ಅದನ್ನು ಎರಡು ಸಲ ಬಡಿದು ನೋಡಿದ.

"ನೀನೂ ಮನೀಗೆ ಹೋಗಿ ಒಂದು ಹಾಕವ್ವ" ಎಂದ. "ಮುಂದಿನ ವರ್ಷ ಐದ ಇಟ್ಟುಕೊಂಡು ಬಂದ್ಯೋ, ಅಂಕ ಕಡೀತೀನಿ ನೋಡು. ಜಡ್ಜ್ ನಾನ ಇರ್ತೀನಿ."